ಎಫ್1 ಮೀನಿಗೆ ದುಡ್ಡು ಕೊಡುವ ಮುಂಚೆ: ತಲೆಮಾರಿನ ಲೆಕ್ಕ, ತಳಿಯ ಲೆಕ್ಕ

"ಅಂಗಡಿಯವರು ಈ ಫ್ರಂಟೋಸಾ ಎಫ್1 ಅಂತಾರೆ, ಮಾಮೂಲಿ ಮೀನಿನ ಮೂರು ಪಟ್ಟು ಬೆಲೆ ಹೇಳ್ತಾರೆ. ತಗೋಬಹುದಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಅಷ್ಟೇ ಸಲ ಬರುವ ಇನ್ನೊಂದು ಪ್ರಶ್ನೆ ಇದೆ: "ವರ್ಷಗಳಿಂದ ನಮ್ಮ ಟ್ಯಾಂಕಿನ ಮೀನನ್ನೇ ಮರಿ ಮಾಡಿಸ್ತಿದ್ದೀನಿ. ಈಗ ಮರಿಗಳು ಸೊರಗ್ತಿವೆ, ಯಾಕೆ?"

ಕೇಳುವವರಿಗೆ ಎರಡೂ ಬೇರೆ ಬೇರೆ ಪ್ರಶ್ನೆ ಅನ್ನಿಸುತ್ತದೆ. ಆದರೆ ಎರಡರ ಬೇರೂ ಒಂದೇ. ಎಫ್1, ಎಫ್2 ಅಂತ ಮೀನಿನ ಚೀಟಿಯ ಮೇಲಿರುವ ಅಂಕಿ ಹೇಳುವುದು ಆ ಮೀನಿನ ವಂಶ ಕೆರೆ, ಹೊಳೆ ಬಿಟ್ಟು ಎಷ್ಟು ತಲೆಮಾರಾಯಿತು ಅಂತ ಮಾತ್ರ. ಎಷ್ಟು ಮೀನುಗಳಿಂದ ವಂಶ ಶುರುವಾಯಿತು, ನಡುವೆ ಎಷ್ಟು ಮೀನುಗಳು ಮರಿ ಹಾಕಿದವು ಅನ್ನುವುದು ಅದರಲ್ಲಿ ಇರುವುದೇ ಇಲ್ಲ. ಮರಿಗಳ ಗಟ್ಟಿತನ ನಿಂತಿರುವುದು ಈ ಎರಡನೇ ಲೆಕ್ಕದ ಮೇಲೆ.

ಇಲ್ಲಿ ಉದಾಹರಣೆಗೆ ಹೆಚ್ಚಾಗಿ ಆಫ್ರಿಕಾದ ಸಿಕ್ಲಿಡ್ ಮೀನುಗಳನ್ನು (ಫ್ರಂಟೋಸಾ ಅದರಲ್ಲೊಂದು) ತೆಗೆದುಕೊಂಡಿದ್ದೇನೆ. ಎಫ್ ಚೀಟಿಯ ಹಾವಳಿ ಜಾಸ್ತಿ ಇರುವುದು ಅಲ್ಲೇ. ಗಪ್ಪಿ, ಬೆಟ್ಟಾ, ಬಾರ್ಬ್ ಸಾಕುವವರಿಗೂ ಲೆಕ್ಕ ಇದೇ.

ಬೇಕಾಗುವ ಸಾಮಾನು: ಕನಿಷ್ಠ ಮೂರು ಟ್ಯಾಂಕ್, ಹೊಸ ಮೀನನ್ನು ಬೇರೆ ಇಡಲು ಇನ್ನೊಂದು ಚಿಕ್ಕ ಟ್ಯಾಂಕ್, ಪ್ರತಿಯೊಂದಕ್ಕೂ ಸ್ಪಾಂಜ್ ಫಿಲ್ಟರ್, ಒಂದು ನೋಟ್‌ಬುಕ್, ನೀರಿಗೆ ಅಳಿಸದ ಮಾರ್ಕರ್. ಜೊತೆಗೆ ಇದೇ ಮೀನು ಸಾಕುವ ಒಬ್ಬ ಗೆಳೆಯರು. ಕೊನೆಯದು ತಮಾಷೆಗೆ ಹೇಳಿದ್ದಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

1. ಚೀಟಿ ಓದುವುದನ್ನು ಕಲಿಯಿರಿ

ಎಫ್ ಅಂದರೆ ಫಿಲಿಯಲ್. ಮಗ, ಮಗಳು ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ವಿಲಿಯಂ ಬೇಟ್ಸನ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಇದನ್ನು ಬಳಕೆಗೆ ತಂದರು. ಅಕ್ವೇರಿಯಂ ಲೋಕದಲ್ಲಿ ಅದರ ಅರ್ಥ ಹೀಗೆ:

ಡಬ್ಲ್ಯೂಸಿ ಅಥವಾ ಎಫ್0: ಕೆರೆ, ಹೊಳೆಯಿಂದ ಹಿಡಿದು ತಂದ ಮೀನು.
ಎಫ್1: ಅಂಥ ಎರಡು ಮೀನುಗಳಿಗೆ ಟ್ಯಾಂಕಿನಲ್ಲಿ ಹುಟ್ಟಿದ ಮರಿ.
ಎಫ್2: ಎರಡು ಎಫ್1 ಮೀನುಗಳ ಮರಿ. ಮುಂದಕ್ಕೂ ಹೀಗೇ.
ಟಿಆರ್: ಟ್ಯಾಂಕಿನಲ್ಲಿ ಬೆಳೆದದ್ದು. ಇಲ್ಲಿ ಹುಷಾರು. ಬೆಳೆದದ್ದು ಅಂದರೆ ಹುಟ್ಟಿದ್ದು ಅಂತ ಅರ್ಥವಲ್ಲ. ಹೊಳೆಯಲ್ಲಿ ಹಿಡಿದ ಮರಿಯನ್ನು ಟ್ಯಾಂಕಿನಲ್ಲಿ ದೊಡ್ಡದು ಮಾಡಿದರೂ ಟಿಆರ್ ಅಂತಲೇ ಬರೆಯಬಹುದು.

ನಮ್ಮಲ್ಲಿ ಗೊಂದಲ ಶುರುವಾಗುವುದು ಬೀಜದ ಪೊಟ್ಟಣದಿಂದ. ಟೊಮೆಟೊ, ಮೆಣಸಿನಕಾಯಿ ಬೀಜದ ಮೇಲೆ ಎಫ್1 ಹೈಬ್ರಿಡ್ ಅಂತ ಇರುತ್ತದಲ್ಲ, ಅದನ್ನು ನೋಡಿದವರು ಮೀನಿನಲ್ಲೂ ಎಫ್1 ಅಂದರೆ ಬೆರಕೆ ಅಂದುಕೊಳ್ಳುತ್ತಾರೆ. ಬೀಜದಲ್ಲಿ ಎರಡು ಬೇರೆ ಬೇರೆ ಶುದ್ಧ ಸಾಲುಗಳನ್ನು (ಸಾಲು ಅಂದರೆ ಬೇರೆಯದರ ಜೊತೆ ಬೆರೆಸದೆ ಉಳಿಸಿಕೊಂಡ ವಂಶ) ಬೇಕೆಂದೇ ಕೂಡಿಸಿರುತ್ತಾರೆ. ಮೀನಿನಲ್ಲಿ ಒಂದೇ ಜಾತಿಯ, ಒಂದೇ ಊರಿನ ಎರಡು ಕಾಡು ಮೀನುಗಳ ಮಕ್ಕಳು ಅಂತ ಅರ್ಥ. ಬೆಟ್ಟಾ ಸಾಕುವವರು ಮಾತ್ರ ಬೀಜದವರ ಕಡೆ: ಎರಡು ಬಣ್ಣದ ಸಾಲುಗಳನ್ನು ಹೊಸದಾಗಿ ಕೂಡಿಸಿದಾಗ ಬಂದ ಮೊದಲ ಮರಿಗಳನ್ನು ಎಫ್1 ಅನ್ನುತ್ತಾರೆ. ಆ ಬೆಟ್ಟಾಗೂ ಥಾಯ್ಲೆಂಡಿನ ಹೊಳೆಗೂ ನೂರು ತಲೆಮಾರಿನ ಅಂತರ ಇರಬಹುದು. ಫ್ಲವರ್‌ಹಾರ್ನ್ ಮೇಲೆ ಎಫ್1 ಅಂತ ಬರೆದಿದ್ದರೆ ನಕ್ಕು ಮುಂದೆ ಹೋಗಿ. ಅದು ಮನುಷ್ಯ ಮಾಡಿದ ಬೆರಕೆ ಮೀನು, ಕಾಡಿನಲ್ಲಿ ಅದಕ್ಕೆ ಅಪ್ಪ ಅಮ್ಮನ ಊರೇ ಇಲ್ಲ.

ತಂದೆ ಡಬ್ಲ್ಯೂಸಿ, ತಾಯಿ ಎಫ್1 ಆದರೆ? ಕೆಲವರು ಎಫ್1 ಅನ್ನುತ್ತಾರೆ, ಕೆಲವರು ಎಫ್2. ಒಪ್ಪಿತ ನಿಯಮ ಇಲ್ಲ. ನೀವು ಬರೆಯುವಾಗ ಜಗಳವೇ ಬೇಡ, "ಡಬ್ಲ್ಯೂಸಿ ಗಂಡು, ಎಫ್1 ಹೆಣ್ಣು" ಅಂತ ಪೂರ್ತಿ ಬರೆಯಿರಿ.

2. ಅಂಕಿಯ ಹಿಂದಿನ ನೆಂಟಸ್ತಿಕೆ ನೋಡಿ

ಪ್ರತಿ ಜೀನಿಗೂ ಮೀನಿನ ಮೈಯಲ್ಲಿ ಎರಡು ಪ್ರತಿ ಇರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೆ ಸಾಮಾನ್ಯವಾಗಿ ಇನ್ನೊಂದು ಕಾಪಾಡುತ್ತದೆ. ತಂದೆ ತಾಯಿ ಹತ್ತಿರದ ರಕ್ತಸಂಬಂಧಿಗಳಾದರೆ, ಒಂದೇ ಅಜ್ಜನ ಅದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರಬಹುದು. ಇದನ್ನು ಒಳತಳಿ ಅನ್ನುತ್ತಾರೆ. ಹೀಗೆ ಒಂದೇ ಮೂಲದ ಪ್ರತಿ ಎರಡೂ ಕಡೆಯಿಂದ ಬರುವ ಸಾಧ್ಯತೆ ಶೇಕಡಾ ಎಷ್ಟು ಅನ್ನುವುದೇ ಒಳತಳಿ ಪ್ರಮಾಣ. (ಪುಸ್ತಕಗಳಲ್ಲಿ ಇದಕ್ಕೂ ಎಫ್ ಅಕ್ಷರವನ್ನೇ ಬಳಸುತ್ತಾರೆ. ಚೀಟಿಯ ಎಫ್‌ಗೂ ಇದಕ್ಕೂ ಸಂಬಂಧ ಇಲ್ಲ. ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ.)

ನಮಗೆ ಗೊತ್ತಿರುವ ಸಂಬಂಧದಲ್ಲೇ ಹೇಳುವುದಾದರೆ, ಸೋದರಮಾವನ ಮಗಳನ್ನು ಮದುವೆಯಾದರೆ ಮಕ್ಕಳಲ್ಲಿ ಈ ಪ್ರಮಾಣ 6.25%. ಅಕ್ಕನ ಮಗಳನ್ನು ತಂದುಕೊಂಡರೆ 12.5%. ಅಣ್ಣ ತಂಗಿ ಮೀನು ಕೂಡಿದರೆ 25%.

ಈಗ ಒಂದೇ ಜೋಡಿ ಡಬ್ಲ್ಯೂಸಿ ಮೀನು ತಂದಿರಿ ಅಂತಿಟ್ಟುಕೊಳ್ಳಿ. ಎರಡೂ ಪರಸ್ಪರ ನೆಂಟರಲ್ಲ. ಅವುಗಳ ಎಫ್1 ಮರಿಗಳಲ್ಲಿ ಒಳತಳಿ ಸೊನ್ನೆ. ಆ ಮರಿಗಳೆಲ್ಲ ಅಣ್ಣ ತಂಗಿಯರು. ಅವನ್ನೇ ಕೂಡಿಸಿದರೆ ಎಫ್2ನಲ್ಲಿ 25%, ಹಾಗೇ ಮುಂದುವರಿಸಿದರೆ ಎಫ್3ನಲ್ಲಿ 37.5%, ಎಫ್4ನಲ್ಲಿ 50%. ಎಫ್6 ಹೊತ್ತಿಗೆ ಸುಮಾರು 67%.

ಇದರ ಪಕ್ಕದಲ್ಲಿ ಇನ್ನೊಬ್ಬರ ಟ್ಯಾಂಕ್ ಇಡಿ. ಅವರು ಹನ್ನೆರಡು ಮೀನಿನಿಂದ ಶುರು ಮಾಡಿ, ಸಾಲು ಬೇರೆ ಮಾಡಿಕೊಂಡು, ಎಫ್5ಕ್ಕೆ ಬಂದಿದ್ದಾರೆ. ಅವರ ಎಫ್5 ಮೀನು ಒಂದೇ ಜೋಡಿಯವರ ಎಫ್3ಗಿಂತ ಎಷ್ಟೋ ಗಟ್ಟಿ. ಅಂಗಡಿಯಲ್ಲಿ ಬೆಲೆ ಮಾತ್ರ ಉಲ್ಟಾ ಇರುತ್ತದೆ!

ಕಾಡಿನದ್ದು ಅಂದ ಮಾತ್ರಕ್ಕೆ ಜೀನುಗಳ ವೈವಿಧ್ಯ ಇದ್ದೇ ಇರುತ್ತದೆ ಅಂತಲೂ ಇಲ್ಲ. ಅಮೆರಿಕದ ನೆವಾಡಾದಲ್ಲಿ ಡೆವಿಲ್ಸ್ ಹೋಲ್ ಅನ್ನುವ ಒಂದೇ ಒಂದು ಹೊಂಡದಲ್ಲಿ ಬದುಕುವ ಪಪ್‌ಫಿಶ್ ಇದೆ. 2013ರ ಎಣಿಕೆಯಲ್ಲಿ ಸಿಕ್ಕಿದ್ದು 35 ಮೀನು. ಅದಕ್ಕಿಂತ ಕಾಡಿನ ಮೀನು ಬೇಕಾ? ಆದರೂ ಎಲ್ಲವೂ ಹತ್ತಿರದ ನೆಂಟರೇ.

3. ಮಾರುವವರನ್ನು ಕೇಳಿ

ಬರೀ "ಎಫ್ ಎಷ್ಟು?" ಅಂತ ಕೇಳಬೇಡಿ. ಹೀಗೆ ಕೇಳಿ: ಮೂಲ ಮೀನು ಎಷ್ಟು ಇದ್ದವು, ಗಂಡು ಎಷ್ಟು, ಹೆಣ್ಣು ಎಷ್ಟು? ಯಾವ ಊರಿನ ದಡದ್ದು? ಈ ಮರಿಗಳು ಒಂದೇ ತಾಯಿಯವಾ, ಬೇರೆ ಬೇರೆ ತಾಯಿಯವಾ? ತಂದೆ ತಾಯಿಯನ್ನು ನೋಡಬಹುದಾ? ನಡುವೆ ಹೊಸ ಮೀನು ಸೇರಿಸಿದ್ದಾರಾ?

ಊರಿನ ಹೆಸರು ಯಾಕೆ ಮುಖ್ಯ ಅಂದರೆ, ಫ್ರಂಟೋಸಾದ ಊರಾದ ಆಫ್ರಿಕಾದ ಟಾಂಗನೀಕಾ ಸರೋವರ ಸುಮಾರು 670 ಕಿಲೋಮೀಟರ್ ಉದ್ದ. ಬಂಡೆಗಳ ಸಂದಿಯಲ್ಲಿ ಬದುಕುವ ಟ್ರೋಫಿಯಸ್‌ನಂಥ ಮೀನು ನಡುವಿನ ಮರಳು ದಾಟಿ ಆಚೆ ಹೋಗುವುದು ಅಪರೂಪ. ಹಾಗಾಗಿ ದಡದಿಂದ ದಡಕ್ಕೆ ಬಣ್ಣವೇ ಬೇರೆ. ಫ್ರಂಟೋಸಾದಲ್ಲೂ ಅಷ್ಟೇ, ಕಿಗೋಮಾ ಕಡೆಯದಕ್ಕೆ ಏಳು ಪಟ್ಟೆ, ಬುರುಂಡಿ ಕಡೆಯದಕ್ಕೆ ಆರು. ಊರು ಗೊತ್ತಿಲ್ಲದ ಎಫ್1ಗಿಂತ ಊರು ಗೊತ್ತಿರುವ ಎಫ್4 ಮೇಲು ಅನ್ನುವುದು ನನ್ನ ಅಭಿಪ್ರಾಯ.

ನಮ್ಮದೇ ಮೀನಿಗೂ ಈ ಮಾತು ಅನ್ವಯಿಸುತ್ತದೆ. ಮಿಸ್ ಕೇರಳ ಅಂತ ಕರೆಯುವ ಡೆನಿಸನ್ ಬಾರ್ಬ್ ಕೇರಳ ಮತ್ತು ದಕ್ಷಿಣ ಕರ್ನಾಟಕದಲ್ಲಿ ಪಶ್ಚಿಮಕ್ಕೆ ಹರಿಯುವ ಹೊಳೆಗಳದ್ದು. ಬೇರೆ ಬೇರೆ ಹೊಳೆಯ ಮೀನುಗಳ ನಡುವೆ ಜೀನಿನಲ್ಲೇ ವ್ಯತ್ಯಾಸ ಇದೆ ಅಂತ ಅಧ್ಯಯನಗಳು ತೋರಿಸಿವೆ. ಇದು ಅಳಿವಿನಂಚಿನ ಮೀನು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ಇದರ ಹೆಸರೂ ಸೇರಿತು. "ಎಫ್0 ನಾನೇ ಹಿಡಿದು ತರ್ತೀನಿ" ಅಂತ ಹೊಳೆಗೆ ಬಲೆ ಹಾಕುವ ಯೋಚನೆ ಬೇಡವೇ ಬೇಡ.

ಮಾರುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಅಪರಾಧವೇನಲ್ಲ, ಹೆಚ್ಚಿನವರು ಇನ್ನೊಬ್ಬರಿಂದ ತಂದು ಮಾರುವವರು. ಆದರೆ ಗೊತ್ತಿಲ್ಲದ ಮೀನಿಗೆ ಗೊತ್ತಿರುವ ಮೀನಿನ ಬೆಲೆ ಕೊಡಬೇಡಿ. ಮಾಮೂಲಿ ಬೆಲೆ ಕೊಟ್ಟು, ಮಾಮೂಲಿ ಮೀನು ಅಂತಲೇ ಸಾಕಿ.

4. ಮೂಲ ಮೀನು ಆರಿಸಿ

ಒಂದೇ ಜೋಡಿಯಿಂದ ಶುರು ಮಾಡಿದರೆ ಮೂಲ ವೈವಿಧ್ಯದ ಸುಮಾರು 75% ನಿಮ್ಮ ಕೈಗೆ ಬರುತ್ತದೆ. ಐದು ಜೋಡಿಯಾದರೆ ಸುಮಾರು 95%. ಅಲ್ಲಿಂದ ಮುಂದೆ ಇನ್ನೂ ಹತ್ತು ಜೋಡಿ ಸೇರಿಸಿದರೂ ಸಿಗುವ ಲಾಭ ಕಡಿಮೆ. ಮನೆಯಲ್ಲಿ ಸಾಕುವವರಿಗೆ ಮೂರರಿಂದ ಆರು ಜೋಡಿ ಸಾಕು.

ಐದು ಜೋಡಿಯ ತಾಕತ್ತು ನೋಡಬೇಕಾದರೆ ಮೆಕ್ಸಿಕೋದ ಟಕೀಲಾ ಸ್ಪ್ಲಿಟ್‌ಫಿನ್ ಕಥೆ ಕೇಳಿ. ಬೆರಳುದ್ದದ ಮೀನು, ಟ್ಯೂಚಿಟ್ಲಾನ್ ಹೊಳೆಯಿಂದ ಪೂರ್ತಿ ಕಾಣೆಯಾಗಿತ್ತು. ಇಂಗ್ಲೆಂಡಿನ ಒಬ್ಬ ಹವ್ಯಾಸಿಯ ಟ್ಯಾಂಕಿನಲ್ಲಿ ಉಳಿದಿದ್ದ ಮೀನುಗಳಿಂದ ಐದು ಜೋಡಿ 1998ರಲ್ಲಿ ಮಿಚೋವಾಕಾನ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋದವು. ಅವುಗಳ ವಂಶದ 40 ಗಂಡು, 40 ಹೆಣ್ಣನ್ನು 2012ರಲ್ಲಿ ದೊಡ್ಡ ಕೊಳಗಳಿಗೆ ಬಿಟ್ಟರು. ನಾಲ್ಕೇ ವರ್ಷಕ್ಕೆ ಸುಮಾರು 10,000 ಆದವು. 2017ರಲ್ಲಿ 1,500 ಮೀನು ವಾಪಸ್ ಹೊಳೆಗೆ ಹೋದವು. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯ ಬೆನ್ನಿಗೆ ನಿಂತಿತ್ತು. ಇದರಲ್ಲಿ ಗಮನಿಸಬೇಕಾದ್ದು ಕೊಳದ ಹಂತ. ಸಂಖ್ಯೆ ಚಿಕ್ಕದಾಗಿ ಇರುವಷ್ಟು ದಿನವೂ ವೈವಿಧ್ಯ ಸೋರುತ್ತಲೇ ಇರುತ್ತದೆ. ಆದ್ದರಿಂದ ಮೂಲ ಮೀನು ಬಂದ ಮೇಲೆ ಸಂಖ್ಯೆಯನ್ನು ಬೇಗ ಹೆಚ್ಚಿಸಿ.

ಆರಿಸುವಾಗ ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳು:

ಒಂದೇ ಚೀಲದಿಂದ ಆರು ಮರಿ ತರುವುದು. ಆರೂ ಒಂದೇ ತಾಯಿಯವಿರಬಹುದು. ಎರಡು ಮೂರು ಕಡೆಯಿಂದ ತನ್ನಿ, ಆದರೆ ಜಾತಿ ಮತ್ತು ಊರು ಒಂದೇ ಇರಲಿ. ಇಬ್ಬರು ಮಾರುವವರೂ ಒಬ್ಬರಿಂದಲೇ ತಂದಿದ್ದಾರಾ ಅಂತಲೂ ವಿಚಾರಿಸಿ.

"ಹೊಸ ರಕ್ತ" ಅಂತ ಬೇರೆ ಊರಿನ, ಬೇರೆ ಜಾತಿಯ ಮೀನು ಸೇರಿಸುವುದು. ಅದು ವೈವಿಧ್ಯವಲ್ಲ, ಬೆರಕೆ. ಪೀಕಾಕ್ ಸಿಕ್ಲಿಡ್‌ಗಳಲ್ಲಿ ಹೆಣ್ಣುಗಳೆಲ್ಲ ಒಂದೇ ಥರ ಬೂದು ಬಣ್ಣ. ಎರಡು ಬಗೆಯ ಹೆಣ್ಣುಗಳು ಒಂದು ಸಲ ಒಟ್ಟಿಗೆ ಸೇರಿದರೆ ಮತ್ತೆ ಬೇರೆ ಮಾಡಲು ದೇವರಿಗೂ ಕಷ್ಟ. ನಾನು ಒಂದು ಬೇಸಿಗೆಯಲ್ಲಿ ಟ್ಯಾಂಕ್ ಒಡೆದಾಗ ಅವಸರದಲ್ಲಿ ಹೀಗೆ ಸೇರಿಸಿ, ಎರಡು ಸಾಲನ್ನೂ ಕಳೆದುಕೊಂಡೆ.

ಗಪ್ಪಿಯಲ್ಲಿ ದೊಡ್ಡ ಹೆಣ್ಣು ತಂದು ನಿಮ್ಮ ಗಂಡಿನ ಜೊತೆ ಬಿಡುವುದು. ಗಪ್ಪಿ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಹುಟ್ಟಿದ ಮರಿಗೆ ಅಂಗಡಿಯ ಯಾವುದೋ ಗಂಡು ಅಪ್ಪ ಆಗಿರುತ್ತದೆ. ಗಂಡಿನ ಜೊತೆ ಇನ್ನೂ ಸೇರದ ಎಳೆ ಹೆಣ್ಣನ್ನೇ ಆರಿಸಿ.

5. ಲೆಕ್ಕಕ್ಕೆ ಬರುವ ಮೀನು ಎಷ್ಟು ಅಂತ ಎಣಿಸಿ

ಟ್ಯಾಂಕಿನಲ್ಲಿ ಹನ್ನೆರಡು ಮೀನು ಇದ್ದರೆ ಹನ್ನೆರಡೂ ಲೆಕ್ಕಕ್ಕೆ ಬರುವುದಿಲ್ಲ. ಮರಿ ಮಾಡುವ ಗಂಡು ಹೆಣ್ಣುಗಳ ಹಂಚಿಕೆ ಮುಖ್ಯ. ಸೂತ್ರ ಸುಲಭ: ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿ.

1 ಗಂಡು, 11 ಹೆಣ್ಣು: ಲೆಕ್ಕಕ್ಕೆ 3.7 ಮೀನು.
3 ಗಂಡು, 9 ಹೆಣ್ಣು: 9 ಮೀನು.
6 ಗಂಡು, 6 ಹೆಣ್ಣು: ಪೂರ್ತಿ 12.

ಪ್ರತಿ ತಲೆಮಾರಿಗೆ ಕಳೆದುಹೋಗುವ ವೈವಿಧ್ಯ ಎಷ್ಟು ಅಂದರೆ, ಈ ಸಂಖ್ಯೆಯ ಎರಡರಷ್ಟರಲ್ಲಿ ಒಂದು ಪಾಲು. ಮೊದಲ ಟ್ಯಾಂಕಿನಲ್ಲಿ 13ರಿಂದ 14%, ಎರಡನೆಯದರಲ್ಲಿ 5.6%, ಮೂರನೆಯದರಲ್ಲಿ 4.2%. ಮೂರೂ ಕಡೆ ಇರುವುದು ಹನ್ನೆರಡೇ ಮೀನು, ಮೇವಿನ ಖರ್ಚೂ ಒಂದೇ.

ಬಾಯಲ್ಲಿ ಮೊಟ್ಟೆ ಇಟ್ಟು ಕಾಯುವ ಸಿಕ್ಲಿಡ್‌ಗಳಲ್ಲಿ ಇನ್ನೊಂದು ತೊಡಕು. ಮೂರು ಗಂಡು ಬಿಟ್ಟರೂ ಒಂದು ಗಂಡು ರೌಡಿಯಾಗಿ ಎಲ್ಲ ಹೆಣ್ಣುಗಳನ್ನೂ ತಾನೇ ಕೂಡುತ್ತದೆ. ಉಳಿದ ಎರಡು ಮೂಲೆಯಲ್ಲಿ ಬಣ್ಣ ಕಳೆದುಕೊಂಡು ನಿಂತಿರುತ್ತವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮೂರು, ಲೆಕ್ಕದಲ್ಲಿ ಒಂದೇ. ಉಪಾಯ ಏನೆಂದರೆ, ರೌಡಿಯಿಂದ ಎರಡು ಹೆಣ್ಣುಗಳು ಬಾಯಿ ತುಂಬಿಕೊಂಡ ಮೇಲೆ ಅವನನ್ನು ಒಂದೆರಡು ತಿಂಗಳು ಬೇರೆ ಟ್ಯಾಂಕಿಗೆ ಹಾಕಿ. ಎರಡನೆಯವನು ಒಂದು ವಾರದಲ್ಲಿ ಬಣ್ಣ ತುಂಬಿಕೊಂಡು ಹೊಸ ರೌಡಿ ಆಗುತ್ತಾನೆ.

6. ಮರಿಗಳನ್ನು ಸಮನಾಗಿ ಉಳಿಸಿ

ಹಣ ಖರ್ಚಿಲ್ಲದೆ ಸಿಗುವ ದೊಡ್ಡ ಲಾಭ ಇದು, ಮಾಡುವವರು ಮಾತ್ರ ಕಡಿಮೆ. ಒಂದು ಜೋಡಿ 80 ಮರಿ ಹಾಕಿತು, ಇನ್ನೊಂದು 12 ಹಾಕಿತು ಅನ್ನಿ. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಬೆಳೆಸಿ ಚೆನ್ನಾಗಿರುವ ಇಪ್ಪತ್ತು ಆರಿಸಿದರೆ, ಹದಿನೇಳೋ ಹದಿನೆಂಟೋ ಮೊದಲ ಜೋಡಿಯವೇ ಆಗಿರುತ್ತವೆ. ಅದರ ಬದಲು ಪ್ರತಿ ಜೋಡಿಯಿಂದ ಎಂಟೆಂಟು ಮರಿ ಮಾತ್ರ ಮುಂದಿನ ತಲೆಮಾರಿಗೆ ಇಟ್ಟುಕೊಳ್ಳಿ. ಉಳಿದವನ್ನು ಮಾರಿ, ಕೊಡಿ. ಪ್ರತಿ ಜೋಡಿಯದೂ ಸಮನಾಗಿ ಉಳಿದರೆ ಹಿಂದಿನ ಹಂತದಲ್ಲಿ ಬಂದ ಸಂಖ್ಯೆ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ.

ಯಾವುದನ್ನು ತೆಗೆಯಬೇಕು? ಬೆನ್ನು ಡೊಂಕಾದದ್ದು, ಕಿವಿರಿನ ಮುಚ್ಚಳ ಗಿಡ್ಡ ಇರುವುದು, ನೆಟ್ಟಗೆ ಈಜದ್ದು, ಇವು ಬೇಡ. ಉಳಿದವುಗಳಲ್ಲಿ ಕಣ್ಣಿಗೆ ಬಿದ್ದವನ್ನು ಎತ್ತಿಕೊಳ್ಳಿ. ಬರೀ ಬಣ್ಣ ಜಾಸ್ತಿ ಇರುವ, ಬರೀ ಬೇಗ ಬೆಳೆದ ಮರಿಗಳನ್ನೇ ಆರಿಸುತ್ತಾ ಹೋದರೆ ನೀವು ಹೊಸ ತಳಿ ಮಾಡುತ್ತಿದ್ದೀರಿ. ಅದು ತಪ್ಪಲ್ಲ, ಗಪ್ಪಿಯವರು ಮಾಡುವುದೇ ಅದು. ಆದರೆ ಆಮೇಲೆ "ಕಾಡಿನ ಮೀನಿನ ಎಫ್4" ಅಂತ ಹೇಳಿ ಮಾರಬೇಡಿ.

7. ಸಾಲು ಮಾಡಿ ಗಂಡುಗಳನ್ನು ತಿರುಗಿಸಿ

ಮೂರು ಟ್ಯಾಂಕ್ ಬೇಕಾದದ್ದು ಇದಕ್ಕೆ. ಪರಸ್ಪರ ನೆಂಟರಲ್ಲದ ಮೂರು ಜೋಡಿಗಳನ್ನು ಅ, ಬ, ಕ ಅಂತ ಕರೆಯಿರಿ. ಪ್ರತಿ ಜೋಡಿಯ ಮರಿ ಆಯಾ ಟ್ಯಾಂಕಿನಲ್ಲೇ ಬೆಳೆಯಲಿ. ಗಂಡು ಹೆಣ್ಣು ಗುರುತು ಸಿಗುವ ಹೊತ್ತಿಗೆ, ಅವು ಕೂಡುವ ಮುಂಚೆಯೇ, ಅ ಗಂಡುಗಳು ಬ ಟ್ಯಾಂಕಿಗೆ, ಬ ಗಂಡುಗಳು ಕ ಟ್ಯಾಂಕಿಗೆ, ಕ ಗಂಡುಗಳು ಅ ಟ್ಯಾಂಕಿಗೆ ಹೋಗಲಿ. ಹೆಣ್ಣುಗಳು ಹುಟ್ಟಿದ ಮನೆಯಲ್ಲೇ ಇರಲಿ. ಪ್ರತಿ ತಲೆಮಾರಿಗೂ ಇದೇ ದಿಕ್ಕು.

ಮೀನಿನ ಲೋಕದ ಮನೆ ಅಳಿಯತನ ಅನ್ನಿ. ಹೀಗೆ ಮಾಡಿದರೆ ಎಫ್2ನಲ್ಲಿ ಒಳತಳಿ ಸೊನ್ನೆ. ಎಫ್3ಕ್ಕೆ ಬಂದಾಗ ಗಂಡು ಕೂಡುವುದು ತನ್ನ ಸೋದರಮಾವನ ಮಗಳನ್ನು! ಪ್ರಮಾಣ 6.25%. ಒಂದೇ ಜೋಡಿಯವರ ಎಫ್3ರಲ್ಲಿ ಅದು 37.5% ಇತ್ತು ಅಂತ ನೆನಪಿದೆಯಲ್ಲ?

ಇಲ್ಲಿ ಆಗುವ ಯಡವಟ್ಟು ಎಂದರೆ ದಿಕ್ಕು ಮರೆಯುವುದು. ಟ್ಯಾಂಕಿನ ಮೇಲೆ ಬಾಣದ ಗುರುತು ಬರೆದಿಡಿ. ಟ್ಯಾಂಕಿನ ಮುಚ್ಚಳದ ಮೇಲೆ ಮಾತ್ರ ಬರೆಯಬೇಡಿ, ತೊಳೆಯುವಾಗ ಮುಚ್ಚಳಗಳು ಅದಲು ಬದಲಾಗುತ್ತವೆ.

ಇನ್ನು ಅವಸರ ಬೇಡ. ವೈವಿಧ್ಯ ಸೋರುವುದು ವರ್ಷದ ಲೆಕ್ಕದಲ್ಲಲ್ಲ, ತಲೆಮಾರಿನ ಲೆಕ್ಕದಲ್ಲಿ. ಗಪ್ಪಿ ಮೂರು ತಿಂಗಳಿಗೇ ತಾಯಿಯಾಗುತ್ತದೆ, ಫ್ರಂಟೋಸಾಗೆ ಮೂರು ವರ್ಷವೇ ಬೇಕಾಗಬಹುದು. ಗಪ್ಪಿಯವರು ಒಂದು ವರ್ಷದಲ್ಲಿ ದಾಟುವಷ್ಟು ತಲೆಮಾರನ್ನು ಫ್ರಂಟೋಸಾದವರು ಹನ್ನೆರಡು ವರ್ಷ ಎಳೆಯುತ್ತಾರೆ. ಹಳೆಯ ಆರೋಗ್ಯವಂತ ಮೀನು ಇನ್ನೂ ಮರಿ ಹಾಕುತ್ತಿದ್ದರೆ ಮಕ್ಕಳನ್ನು ಕೂಡಿಸಲು ಯಾಕೆ ಓಡಬೇಕು?

8. ಮರಿ ಸೊರಗಿದರೆ ಮೊದಲು ನೀರು ನೋಡಿ

ಮೊಟ್ಟೆ ಕಡಿಮೆಯಾಗುವುದು, ಮೊಟ್ಟೆ ಬೆಳ್ಳಗಾಗಿ ಹಾಳಾಗುವುದು, ಡೊಂಕು ಮರಿ ಹೆಚ್ಚುವುದು, ಸಣ್ಣ ಕಾಯಿಲೆಗೂ ಸಾಲಾಗಿ ಸಾಯುವುದು, ಇವು ಒಳತಳಿಯ ಲಕ್ಷಣಗಳು. ಕೆಟ್ಟ ನೀರಿನ ಲಕ್ಷಣಗಳೂ ಇವೇ! ಹಳೆಯ ಮೇವಿನಲ್ಲಿ ಸಿ ಜೀವಸತ್ವ ಹೋಗಿದ್ದರೆ ಬೆನ್ನು ಡೊಂಕಾಗುತ್ತದೆ. ಮೊಟ್ಟೆ ಇರುವಾಗ ನೀರಿನ ಬಿಸಿ ಏರುಪೇರಾದರೂ ಮರಿ ಕೆಡುತ್ತದೆ. ಆದ್ದರಿಂದ ನೀರು ಪರೀಕ್ಷಿಸಿ, ಮೇವಿನ ಹೊಸ ಡಬ್ಬ ತೆಗೆಯಿರಿ, ಇನ್ನೊಂದೆರಡು ಸಲ ಮರಿ ಮಾಡಿಸಿ ನೋಡಿ. ಒಂದೇ ಸಾಲಿನಲ್ಲಿ ಮಾತ್ರ ತೊಂದರೆ ಇದ್ದು ಪಕ್ಕದ ಸಾಲು ಚೆನ್ನಾಗಿದ್ದರೆ ಆಗ ಒಳತಳಿಯನ್ನು ಅನುಮಾನಿಸಿ.

ಆಗ ಹೊಸ ಮೀನು ಬೇಕು. ಬಹಳ ಬೇಡ, ತಲೆಮಾರಿಗೆ ಒಂದೆರಡು ಸಾಕು. ಗೆಳೆಯರು ಬೇಕು ಅಂದದ್ದು ಈ ಕಾರಣಕ್ಕೆ. ಅದೇ ಜಾತಿ, ಅದೇ ಊರಿನ ಮೀನಿನ ಬೇರೆ ಸಾಲು ಅವರ ಮನೆಯಲ್ಲಿ ಇದ್ದರೆ ಗಂಡು ಅದಲು ಬದಲು ಮಾಡಿಕೊಳ್ಳಬಹುದು. ಬಂದ ಮೀನನ್ನು ನಾಲ್ಕರಿಂದ ಆರು ವಾರ ಬೇರೆ ಟ್ಯಾಂಕಿನಲ್ಲಿ ಇಡಿ, ಬಲೆ, ಪೈಪು ಎಲ್ಲ ಬೇರೆ ಇರಲಿ. ಎಷ್ಟೇ ಆಪ್ತರ ಮನೆಯಿಂದ ಬಂದಿದ್ದರೂ ಈ ಹಂತ ಬಿಡಬೇಡಿ.

9. ಕೊಡುವಾಗ ಪೂರ್ತಿ ಚೀಟಿ ಬರೆದು ಕೊಡಿ

ನನ್ನ ನೋಟ್‌ಬುಕ್ಕಿನ ಮಾದರಿ ಹೀಗಿದೆ: "ಫ್ರಂಟೋಸಾ, ಬುರುಂಡಿ. ಎಫ್2. ಮೂಲ 3 ಗಂಡು, 4 ಹೆಣ್ಣು, ಎರಡು ಕಡೆಯಿಂದ. ಬ ಸಾಲು. ಮರಿ ಬಿಟ್ಟದ್ದು 2024 ಮಾರ್ಚ್." ಎಫ್ ಎಷ್ಟು ಅಂತ ಖಚಿತ ಇಲ್ಲದಿದ್ದರೆ "ಟ್ಯಾಂಕಿನಲ್ಲಿ ಹುಟ್ಟಿದ್ದು, ತಲೆಮಾರು ಗೊತ್ತಿಲ್ಲ" ಅಂತ ಬರೆಯಿರಿ. ಸುಳ್ಳು ಅಂಕಿಗಿಂತ ಅದು ಕೆಲಸಕ್ಕೆ ಬರುತ್ತದೆ.

ಹೆಚ್ಚಾದ ಮರಿಗಳನ್ನು ಕೆರೆಗೆ ಬಿಡಬೇಡಿ. ಟ್ಯಾಂಕ್ ಕ್ಲೀನರ್ ಅಂತ ಮಾರಿದ ಸಕ್ಕರ್ ಮೀನು ಬೆಂಗಳೂರಿನ ಕೆರೆಗಳಲ್ಲಿ ಸೇರಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಟಕೀಲಾ ಮೀನನ್ನು ಹೊಳೆಗೆ ಬಿಟ್ಟವರು ಅದರದೇ ಹೊಳೆಗೆ, ವರ್ಷಗಟ್ಟಲೆ ತಯಾರಿ ಮಾಡಿ ಬಿಟ್ಟದ್ದು.

ಮರಿ ಹೆಚ್ಚಾದರೆ ಆ ಗೆಳೆಯರಿಗೇ ಪ್ರತಿ ಸಾಲಿನಿಂದ ಆರಾರು ಕೊಡಿ, ಚೀಟಿಯ ಒಂದು ಪ್ರತಿ ನಿಮ್ಮಲ್ಲೂ ಇರಲಿ. ಬೇಸಿಗೆಯಲ್ಲಿ ರಾತ್ರಿಯಿಡೀ ಕರೆಂಟ್ ಹೋಗಿ ನಿಮ್ಮ ಬ ಟ್ಯಾಂಕ್ ಖಾಲಿಯಾದರೆ, ಆ ಸಾಲು ಅವರ ಮನೆಯಿಂದ ವಾಪಸ್ ತರಬಹುದು.